ರೂಪಾಂತರಗೊಂಡ ಸರಣಿಗಳನ್ನು ಯಾವ ಅಳತೆಗೋಲಿನಿಂದ ನೋಡಬೇಕು?

ಹಳೇಪುಟ (ಪ್ರಶ್ನೆ)

ಈಚಿನ ವರ್ಷಗಳಲ್ಲಿ ಹೆಚ್ಚು ಚರ್ಚೆಗೆ ಬಂದ ಸರಣಿಗಳನ್ನು ನೆನೆದುಕೊಂಡರೆ, ಅವುಗಳಲ್ಲಿ ಬಹುಪಾಲು ಯಾವುದೋ ಕಾದಂಬರಿಯಿಂದಲೋ, ವಿಡಿಯೋ ಗೇಮಿನಿಂದಲೋ, ಇನ್ನೊಂದು ದೇಶದ ಸರಣಿಯಿಂದಲೋ ಹುಟ್ಟಿದವು. ಮೂಲವನ್ನು ಬಲ್ಲವರಿಗೆ ನೋಡುವಾಗಲೆಲ್ಲ ಮನಸ್ಸು ತಾನಾಗಿಯೇ ತಾಳೆ ಹಾಕುತ್ತಿರುತ್ತದೆ: ಇದನ್ನು ಬಿಟ್ಟಿದ್ದಾರೆ, ಇದನ್ನು ಸೇರಿಸಿದ್ದಾರೆ, ಈ ಪಾತ್ರ ಹೀಗಿರಲಿಲ್ಲ. ನನ್ನ ತೊಡಕೆಂದರೆ, ಹೀಗೆ ತಾಳೆ ಹಾಕಿ ನಾನು ಕೊಡುವ ತೀರ್ಪು ಒಂದೇ ತೆರನಾಗಿಲ್ಲ.

‘ದಿ ಲಾಸ್ಟ್ ಆಫ್ ಅಸ್’ ಸರಣಿಯನ್ನೇ ನೋಡಿ. 2013ರ ಮೂಲ ಆಟದಲ್ಲಿ ಬಿಲ್ ಎಂಬವನು ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಮುಂಗೋಪಿ. ಅವನ ಜೊತೆಗಾರ ಫ್ರಾಂಕ್ ನಮಗೆ ಸಿಗುವುದೇ ಹೆಣವಾಗಿ, ಬಿಲ್‌ನ ಮೇಲಿನ ಅಸಹನೆಯನ್ನೆಲ್ಲ ಕಾರಿಕೊಂಡ ಒಂದು ಪತ್ರದೊಂದಿಗೆ. 2023ರ ಸರಣಿಯ ಮೂರನೆಯ ಕಂತು ಇದನ್ನು ಬುಡಮೇಲು ಮಾಡಿ, ಇಬ್ಬರೂ ಕೂಡಿ ಬಾಳಿ, ಮುಪ್ಪಾಗಿ, ಜೊತೆಯಲ್ಲೇ ಸಾಯುವ ಕಥೆಯನ್ನಾಗಿಸಿತು. ಮೂಲದಿಂದ ಇಷ್ಟು ದೂರ ಸರಿದ ಕಂತನ್ನೇ ನಾನು ಆ ಸೀಸನ್ನಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚಿದೆ. ಆದರೆ ‘ಗೇಮ್ ಆಫ್ ಥ್ರೋನ್ಸ್’ನ ಪೂರ್ವಕಥೆಯಾದ ‘ಹೌಸ್ ಆಫ್ ದಿ ಡ್ರ್ಯಾಗನ್’ 2024ರ ಸೀಸನ್ನಿನಲ್ಲಿ ಪುಸ್ತಕದ ಒಂದು ಪುಟ್ಟ ಮಗುವಿನ ಪಾತ್ರವನ್ನು ಕೈಬಿಟ್ಟದ್ದು ನನಗೆ ಇಂದಿಗೂ ಚುಚ್ಚುತ್ತದೆ. ಅಲ್ಲಿ ಬದಲಾದದ್ದು ಅಗಾಧ, ಇಲ್ಲಿ ಬದಲಾದದ್ದು ಅಲ್ಪ. ಆದರೂ ನನ್ನ ಅಸಮಾಧಾನವೆಲ್ಲ ಈ ಅಲ್ಪದ ಮೇಲೆಯೇ.

ಹಾಗಾದರೆ ಮೂಲನಿಷ್ಠೆ ಎಂಬುದು ನಿಜವಾಗಿ ನಾವು ಬಳಸುತ್ತಿರುವ ಅಳತೆಗೋಲೇ, ಅಥವಾ ಅದರ ಹೆಸರಿನಲ್ಲಿ ಬೇರೇನನ್ನೋ ಅಳೆಯುತ್ತಿದ್ದೇವೆಯೇ? ಓದಿದವರೂ ಓದದವರೂ ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ. ಕಥೆಯ ಗುಟ್ಟುಗಳು ಇಲ್ಲಿ ಬಯಲಾಗುತ್ತವೆ; ನೋಡದೆ ಉಳಿದವರು ಈಗಲೇ ಎಚ್ಚರ ವಹಿಸಬಹುದು.

ನಿಶಾಚರಿ

ಹಳೇಪುಟ ಅವರೇ, ನನ್ನ ಮಟ್ಟಿಗೆ ಕೇಳಬೇಕಾದ ಮೊದಲ ಪ್ರಶ್ನೆ, ಮೂಲದ ಕಾಲವನ್ನು ಸರಣಿ ತನ್ನ ಕಾಲಕ್ಕೆ ಹೇಗೆ ಹೊಂದಿಸಿಕೊಂಡಿತು ಎಂಬುದು. ಕಾದಂಬರಿಯಲ್ಲಿ ನೂರು ವರ್ಷ ಒಂದು ವಾಕ್ಯದಲ್ಲಿ ಕಳೆದುಹೋಗಬಹುದು. ಸರಣಿಗೆ ಎಂಟೋ ಹತ್ತೋ ಕಂತುಗಳಿವೆ, ಬೆಳೆಯುತ್ತ ಮುಪ್ಪಾಗುವ ನಟರಿದ್ದಾರೆ, ಎರಡು ಸೀಸನ್‌ಗಳ ನಡುವೆ ಮರೆತುಬಿಡುವ ಪ್ರೇಕ್ಷಕರಿದ್ದಾರೆ. ಈ ಲೆಕ್ಕ ತಪ್ಪಿದರೆ ಸಂಭಾಷಣೆಯನ್ನು ಅಕ್ಷರಶಃ ಉಳಿಸಿಕೊಂಡರೂ ಏನೂ ದಕ್ಕುವುದಿಲ್ಲ.

‘ಫೌಂಡೇಶನ್’ ಇದಕ್ಕೆ ಒಳ್ಳೆಯ ನಿದರ್ಶನ. ಅಸಿಮೋವ್ ಅವರ 1951ರ ಪುಸ್ತಕದಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ದಶಕಗಳು ಉರುಳಿ, ಪಾತ್ರಗಳೆಲ್ಲ ಬದಲಾಗಿರುತ್ತವೆ. ಓದುಗನು ಅದನ್ನು ಒಪ್ಪಿಕೊಳ್ಳುತ್ತಾನೆ, ಏಕೆಂದರೆ ಅಲ್ಲಿ ಮುಖ್ಯವಾದದ್ದು ವ್ಯಕ್ತಿಯಲ್ಲ, ಸಾಮ್ರಾಜ್ಯವೊಂದು ಕುಸಿಯುವ ಗತಿ. ಆದರೆ ಟಿವಿಯ ಮುಂದೆ ಕುಳಿತವರಿಗೆ ಮತ್ತೆ ಮತ್ತೆ ಕಾಣುವ ಮುಖಗಳು ಬೇಕು. 2021ರಲ್ಲಿ ಆಪಲ್ ಟಿವಿಗಾಗಿ ಇದನ್ನು ಸರಣಿಯಾಗಿಸಿದವರು ಮೂಲದಲ್ಲಿ ಎಲ್ಲಿಯೂ ಇಲ್ಲದ ಒಂದು ರಾಜವಂಶವನ್ನು ಸೃಷ್ಟಿಸಿದರು: ಒಬ್ಬನೇ ಚಕ್ರವರ್ತಿಯ ತದ್ರೂಪಿಗಳು ಬಾಲ್ಯ, ಯೌವನ, ಮುಪ್ಪು ಎಂಬ ಮೂರು ಅವಸ್ಥೆಗಳಲ್ಲಿ ಏಕಕಾಲಕ್ಕೆ ಆಳುತ್ತ, ತಲೆಮಾರುಗಳ ಕಾಲ ಅದೇ ಮುಖದೊಂದಿಗೆ ಸಿಂಹಾಸನದಲ್ಲಿರುತ್ತಾರೆ. ಇದರಿಂದ ಲೀ ಪೇಸ್ ಎಂಬ ಒಬ್ಬನೇ ನಟನನ್ನು ಶತಮಾನಗಳುದ್ದಕ್ಕೂ ಉಳಿಸಿಕೊಳ್ಳಲು ಸಾಧ್ಯವಾಯಿತು. ಬದಲಾಗಲು ಒಲ್ಲದ ಸಾಮ್ರಾಜ್ಯ ಹೇಗಿರುತ್ತದೆಂಬುದೂ ಕಣ್ಣಿಗೆ ಕಂಡಿತು. ಈ ಸರಣಿಯ ಉಳಿದ ಭಾಗಗಳ ಬಗ್ಗೆ ನನಗೆ ಸಾಕಷ್ಟು ತಕರಾರುಗಳಿವೆ. ಈ ಒಂದು ಕಲ್ಪನೆ ಮಾತ್ರ ಮೂಲದಲ್ಲಿದ್ದ ತೊಡಕನ್ನು ನೇರವಾಗಿ ಎದುರಿಸಿ ಬಿಡಿಸಿದೆ.

ಇನ್ನೊಂದು ತುದಿಯಲ್ಲಿ ‘ಸ್ಲೋ ಹಾರ್ಸಸ್’ ಇದೆ. ಒಂದು ಸೀಸನ್ನಿಗೆ ಒಂದು ಕಾದಂಬರಿ, ಆರು ಕಂತು, ಅಷ್ಟೇ. 2022ರಿಂದ 2025ರೊಳಗೆ ಐದು ಸೀಸನ್‌ಗಳು ಬಂದುಹೋದವು. ಹೊಸ ಸೀಸನ್ ಬರುವಷ್ಟರಲ್ಲಿ ಹಳೆಯದು ಮರೆತಿರುವುದಿಲ್ಲ, ಗೂಢಚಾರರ ಆ ಕೊಳಕು ಕಚೇರಿ ನಮ್ಮ ಪರಿಚಯದ ಜಾಗವಾಗಿಯೇ ಉಳಿದಿರುತ್ತದೆ. ‘ದಿ ವೀಲ್ ಆಫ್ ಟೈಮ್’ ಸರಣಿಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹದಿನಾಲ್ಕು ದಪ್ಪ ಸಂಪುಟಗಳ ಆ ಮಹಾಕಥನಕ್ಕೆ ಸೀಸನ್ನಿಗೆ ಎಂಟೇ ಕಂತುಗಳು ದೊರಕಿದವು. ಮೂರು ಸೀಸನ್‌ಗಳಾದ ಮೇಲೆ, ಅದು ತನ್ನ ನಡೆಯನ್ನು ಕಂಡುಕೊಂಡಿತೆಂದು ಹಲವರಿಗೆ ಅನ್ನಿಸತೊಡಗಿದ್ದಾಗಲೇ, 2025ರ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಲಾಯಿತು. ಮೊದಲ ಸೀಸನ್ನಿನ ಅವಸರವನ್ನು ಮೂಲದ್ರೋಹವೆಂದು ಓದುಗರು ಬೈದರು. ಅದು ದ್ರೋಹವಲ್ಲ, ಇಕ್ಕಟ್ಟು ಎಂದು ನನಗೆ ತೋರುತ್ತದೆ.

ನೀವು ಮೆಚ್ಚಿದ ಬಿಲ್ ಮತ್ತು ಫ್ರಾಂಕ್‌ರ ಕಂತಿಗೂ ಇದೇ ಉತ್ತರ. ಆಟದಲ್ಲಿ ಆಟಗಾರನು ತನ್ನ ಪಾತ್ರ ಇರುವ ಜಾಗವನ್ನು ಬಿಟ್ಟು ಕದಲುವಂತಿಲ್ಲ, ಅವನ ಕೈಗೆ ಸದಾ ಏನಾದರೂ ಕೆಲಸ ಕೊಡಬೇಕು. ಆದ್ದರಿಂದ ಬೇರೆಯವರ ಬದುಕು ಅವನಿಗೆ ಪತ್ರವಾಗಿಯೋ ಪಾಳುಮನೆಯಾಗಿಯೋ ಮಾತ್ರ ಸಿಗುತ್ತದೆ. ಸರಣಿಗೆ ಈ ನಿರ್ಬಂಧವಿಲ್ಲ. ಮುಖ್ಯ ಪಾತ್ರಗಳನ್ನು ಪಕ್ಕಕ್ಕಿಟ್ಟು ಇಬ್ಬರು ಅಪರಿಚಿತರ ವರ್ಷಾನುವರ್ಷಗಳನ್ನು ಒಂದೇ ಕಂತಿನಲ್ಲಿ ಹೇಳುವ ಸ್ವಾತಂತ್ರ್ಯ ಅದಕ್ಕಿತ್ತು, ಅದನ್ನು ಬಳಸಿಕೊಂಡಿತು.

ಮೂರನೇಸಾಲು

ನಿಶಾಚರಿಯವರ ವಾದ ಚೆನ್ನಾಗಿದೆ, ಆದರೆ ಅದು ರೂಪಾಂತರಕಾರರಿಗೆ ಸ್ವಲ್ಪ ಹೆಚ್ಚೇ ಉದಾರವಾಯಿತು. ಕಂತು ಕಡಿಮೆ ಇದ್ದವು, ಹಣ ಸಾಲಲಿಲ್ಲ ಎಂಬ ಮಾತು ಎಲ್ಲ ತಪ್ಪುಗಳಿಗೂ ಹೊದಿಕೆಯಾಗಬಾರದು. ಹಳೇಪುಟ ಅವರ ಸಿಟ್ಟಿಗೆ ನ್ಯಾಯವಾದ ಕಾರಣವಿದೆ, ಅದು ಕಾರ್ಯಕಾರಣ ಸಂಬಂಧಕ್ಕೆ ಸೇರಿದ್ದು.

ಆ ಮಗುವಿನ ವಿಷಯವನ್ನೇ ತೆಗೆದುಕೊಳ್ಳೋಣ. ಪುಸ್ತಕದಲ್ಲಿ ಹೆಲೇನಾ ರಾಣಿಗೆ ಇಬ್ಬರು ಗಂಡುಮಕ್ಕಳು. ಅರಮನೆಗೆ ನುಗ್ಗಿದ ಹಂತಕರು, ಇಬ್ಬರಲ್ಲಿ ಯಾರು ಸಾಯಬೇಕೆಂದು ನೀನೇ ಹೇಳು ಎಂದು ತಾಯಿಯನ್ನು ಒತ್ತಾಯಿಸುತ್ತಾರೆ. ಅವಳು ಚಿಕ್ಕವನಾದ ಮೇಲರ್‌ನ ಹೆಸರು ಹೇಳುತ್ತಾಳೆ. ಅವರು ದೊಡ್ಡವನನ್ನು ಕೊಲ್ಲುತ್ತಾರೆ. ಸಾಯಲೆಂದು ತಾನೇ ಹೆಸರಿಸಿದ ಮಗುವಿನ ಮುಖವನ್ನು ಇನ್ನು ಮುಂದೆ ಆ ತಾಯಿ ದಿನವೂ ನೋಡಬೇಕು. ಸರಣಿಯಲ್ಲಿ ಮೇಲರ್ ಹುಟ್ಟಿಯೇ ಇಲ್ಲ. ಹಾಗಾಗಿ ಅಲ್ಲಿ ಉಳಿಯುವುದು ಒಂದು ಭೀಕರ ಕೊಲೆ ಮಾತ್ರ. ತಾಯಿಯನ್ನು ಒಳಗಿನಿಂದ ತಿನ್ನುವ ಅಪರಾಧಭಾವಕ್ಕೆ ಆಧಾರವೇ ತಪ್ಪಿಹೋಯಿತು. ಲೇಖಕರಾದ ಜಾರ್ಜ್ ಆರ್.ಆರ್. ಮಾರ್ಟಿನ್ 2024ರ ಸೆಪ್ಟೆಂಬರಿನಲ್ಲಿ ತಮ್ಮ ಬ್ಲಾಗಿನಲ್ಲಿ ಇದೇ ಆಕ್ಷೇಪವನ್ನು ಬರೆದಿದ್ದರು. ಒಂದು ಸಣ್ಣ ಪಾತ್ರವನ್ನು ತೆಗೆದರೆ ಅದರ ಪರಿಣಾಮ ಮುಂದಿನ ಸೀಸನ್‌ಗಳ ಘಟನೆಗಳಿಗೂ ಹಬ್ಬುತ್ತದೆ ಎಂಬುದು ಅದರ ತಿರುಳು. ಆ ಬರಹವನ್ನು ಸ್ವಲ್ಪ ಹೊತ್ತಿನಲ್ಲೇ ತೆಗೆದುಹಾಕಲಾಯಿತು. ಇದರಿಂದ ಅದು ಇನ್ನೂ ಹೆಚ್ಚು ಜನರಿಗೆ ತಲುಪಿತೆನ್ನುವುದು ಬೇರೆ ಮಾತು.

ಹಾಗೆಂದು ಅದೇ ಸರಣಿ ಮಾಡಿದ ಎಲ್ಲ ಬದಲಾವಣೆಗಳನ್ನೂ ನಾನು ತಳ್ಳಿಹಾಕುವುದಿಲ್ಲ. ‘ಫೈರ್ ಅಂಡ್ ಬ್ಲಡ್’ ಎಂಬ ಅದರ ಮೂಲ ಸಾಧಾರಣ ಕಾದಂಬರಿಯಲ್ಲ. ಕಲ್ಪಿತ ವಿದ್ವಾಂಸನೊಬ್ಬ ಒಂದಕ್ಕೊಂದು ಹೊಂದದ ಆಕರಗಳನ್ನು ಎದುರಿಗಿಟ್ಟುಕೊಂಡು ಬರೆದ ಇತಿಹಾಸದ ಸೋಗು ಅದಕ್ಕಿದೆ. ಆಸ್ಥಾನದ ವಿದೂಷಕ ಒಂದು ಹೇಳಿದರೆ ಧರ್ಮಗುರು ಇನ್ನೊಂದು ಹೇಳುತ್ತಾನೆ. ಸರಣಿಯಾದರೋ ಯಾವುದಾದರೂ ಒಂದನ್ನು ನಡೆದದ್ದೆಂದು ತೋರಿಸಲೇಬೇಕು. ಮೊದಲ ಸೀಸನ್ನಿನ ಕೊನೆಯಲ್ಲಿ ಹೆಲೇನಾಳ ತಮ್ಮ ಏಮಂಡ್ ತನ್ನ ಡ್ರ್ಯಾಗನ್ ಮೇಲಿನ ಹಿಡಿತ ತಪ್ಪಿ, ತಾನು ಹೆದರಿಸಲಷ್ಟೇ ಬಯಸಿದ್ದ ಹುಡುಗನ ಸಾವಿಗೆ ಕಾರಣನಾಗುವುದು ಪುಸ್ತಕದಲ್ಲಿಲ್ಲ. ಆದರೆ ಇತಿಹಾಸ ಅದನ್ನು ಉದ್ದೇಶಪೂರ್ವಕ ಕೊಲೆಯೆಂದು ಏಕೆ ಬರೆದುಕೊಂಡಿತು ಎಂಬುದು ಆ ದೃಶ್ಯದಿಂದ ಪೂರ್ತಿ ಅರ್ಥವಾಗುತ್ತದೆ. ಇಲ್ಲಿ ಕಾರಣ ಬದಲಾಯಿತು, ಕಾರ್ಯ ಉಳಿಯಿತು, ಎರಡರ ನಡುವಿನ ಕೊಂಡಿ ಇನ್ನಷ್ಟು ಬಿಗಿಯಾಯಿತು.

‘ಗೇಮ್ ಆಫ್ ಥ್ರೋನ್ಸ್’ ಕೊನೆಯಲ್ಲಿ ಎಡವಿದ್ದೂ ಈ ಕೊಂಡಿಯಲ್ಲೇ. ಅದಕ್ಕೆ ಮೂಲವಾದ ಮಾರ್ಟಿನ್ ಅವರ ಕಾದಂಬರಿಮಾಲೆಯ ಐದನೆಯ ಸಂಪುಟ 2011ರಲ್ಲಿ ಹೊರಬಂದ ಮೇಲೆ ಆರನೆಯದು ಬರಲಿಲ್ಲ, ಸರಣಿ ಪುಸ್ತಕವನ್ನು ದಾಟಿ ಮುಂದೆ ಹೋಯಿತು. ಆಗ ಅದರ ಕೈಯಲ್ಲಿದ್ದದ್ದು ಮುಂದೇನಾಗಬೇಕು ಎಂಬುದರ ಸ್ಥೂಲ ಚಿತ್ರ. ಅದು ಏಕಾಗಬೇಕು ಎಂಬುದನ್ನು ಕಟ್ಟುವ ಸಾವಿರಾರು ಪುಟಗಳಲ್ಲ. ಅದುವರೆಗೆ ಸೀಸನ್ನಿಗೆ ಹತ್ತು ಕಂತುಗಳಿದ್ದವು. ಕೊನೆಯ ಎರಡು ಸೀಸನ್‌ಗಳು ಏಳಕ್ಕೂ ಆರಕ್ಕೂ ಇಳಿದವು. ಸಿಂಹಾಸನಕ್ಕಾಗಿ ಹೋರಾಡುವ ರಾಣಿ ಡನೇರಿಸ್ ಕೊನೆಯಲ್ಲಿ ರಾಜಧಾನಿಯನ್ನು ಸುಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ನಿರ್ಧಾರದವರೆಗೆ ಅವಳ ಜೊತೆ ನಡೆದುಹೋಗುವ ಅವಕಾಶ ನಮಗೆ ಸಿಗಲಿಲ್ಲ ಎಂಬುದೇ ನನ್ನ ದೂರು. ಇಲ್ಲಿ ನಿಶಾಚರಿಯವರ ಕಾಲದ ಲೆಕ್ಕವೂ ನನ್ನ ಕಾರಣದ ಲೆಕ್ಕವೂ ಒಂದಾಗುತ್ತವೆ, ಒಪ್ಪುತ್ತೇನೆ.

ಬರೀನೋಡುಗ

ಇಲ್ಲಿ ಹೆಸರಿಸಿದ ಪುಸ್ತಕಗಳಲ್ಲಿ ಒಂದನ್ನೂ ಓದಿದವನಲ್ಲ, ಆಟವನ್ನೂ ಆಡಿದವನಲ್ಲ. ಮೇಲರ್ ಎಂಬ ಮಗು ಇರಬೇಕಿತ್ತೆಂದು ಈಗ ತಿಳಿಯಿತು; ತಿಳಿಯದೆಯೂ ಹೆಲೇನಾಳ ಆ ದೃಶ್ಯ ಏನನ್ನೋ ನುಂಗಿಕೊಂಡು ಬೇಗ ಮುಗಿದಂತೆ ನನಗೆ ಅನ್ನಿಸಿತ್ತು. ಆದ್ದರಿಂದ ಓದುಗರ ದೂರುಗಳನ್ನು ಬರಿಯ ಅಭಿಮಾನವೆಂದು ತಳ್ಳಿಹಾಕುವ ಹಾಗಿಲ್ಲ.

ನನ್ನಂಥವರು ಗಮನಿಸುವುದು ಮಾತ್ರ ಬೇರೆಯೇ. ‘ಶೋಗನ್’ ನೋಡುವಾಗ ನನ್ನನ್ನು ಹಿಡಿದಿಟ್ಟದ್ದು ಭಾಷೆ. ಅದೇ ಕಾದಂಬರಿಯನ್ನು ಆಧರಿಸಿದ 1980ರ ಕಿರುಸರಣಿಯಲ್ಲಿ ಜಪಾನೀ ಮಾತುಗಳಿಗೆ ಬಹುಮಟ್ಟಿಗೆ ಸಬ್‌ಟೈಟಲ್‌ಗಳೇ ಇರಲಿಲ್ಲ. ಹಡಗು ಒಡೆದು ದಡ ಸೇರಿದ ಇಂಗ್ಲಿಷ್ ನಾವಿಕನಿಗೆ ಎಷ್ಟು ಅರ್ಥವಾಗುತ್ತಿತ್ತೋ ಪ್ರೇಕ್ಷಕರಿಗೂ ಅಷ್ಟೇ. 2024ರ ಸರಣಿಯಲ್ಲಿ ಸಂಭಾಷಣೆಯ ಬಹುಭಾಗ ಜಪಾನೀ ಭಾಷೆಯಲ್ಲಿದೆ, ಎಲ್ಲಕ್ಕೂ ಸಬ್‌ಟೈಟಲ್ ಇದೆ. ಇಷ್ಟರಿಂದಲೇ ಕಥೆಯ ಕೇಂದ್ರ ನಾವಿಕನಿಂದ ಜಪಾನೀ ಸರದಾರ ತೊರನಾಗ ಮತ್ತು ದುಭಾಷಿ ಮರಿಕೊ ಅವರ ಕಡೆಗೆ ಸರಿಯಿತು. ಮರಿಕೊ ನಡುವೆ ನಿಂತು, ಒಬ್ಬನು ಒರಟಾಗಿ ಆಡಿದ್ದನ್ನು ಇನ್ನೊಬ್ಬನಿಗೆ ನಯವಾಗಿ ತಲುಪಿಸುವಾಗ, ಎರಡೂ ಕಡೆಯ ಮಾತು ತಿಳಿದಿರುವುದು ಅವಳಿಗೂ ನಮಗೂ ಮಾತ್ರ. ಕಥೆ ಅದೇ, ಘಟನೆಗಳು ಹೆಚ್ಚುಕಡಿಮೆ ಅವೇ. ನೋಡುವವನನ್ನು ಎಲ್ಲಿ ಕೂರಿಸಬೇಕೆಂಬ ಒಂದು ತೀರ್ಮಾನ ಬದಲಾಯಿತು. ಆ ವರ್ಷ ಅದಕ್ಕೆ ಅಮೆರಿಕದ ಟಿವಿ ರಂಗದ 18 ಎಮ್ಮಿ ಪ್ರಶಸ್ತಿಗಳು ಬಂದವು.

ಜಪಾನಿನಲ್ಲಿ ನೆಲೆಸಿದ ಕೊರಿಯನ್ ಕುಟುಂಬವೊಂದರ ಕಥೆಯಾದ ‘ಪಚಿಂಕೊ’ ಸರಣಿಯ ಸಬ್‌ಟೈಟಲ್‌ಗಳಲ್ಲಿ ಕೊರಿಯನ್ ಮಾತಿಗೆ ಹಳದಿ ಅಕ್ಷರ, ಜಪಾನೀ ಮಾತಿಗೆ ನೀಲಿ ಅಕ್ಷರ ಕೊಟ್ಟದ್ದನ್ನೂ ನೋಡಿರಬಹುದು. ಒಂದೇ ವಾಕ್ಯದ ನಡುವೆ ಬಣ್ಣ ಬದಲಾದಾಗ ಆ ಮನೆಯವರ ಇಕ್ಕಟ್ಟು ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಪುಸ್ತಕ ಓದಿದವರು ಇದನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರೋ ತಿಳಿಯದು, ನನಗಂತೂ ಇದು ಅಪ್ಪಟ ಟಿವಿಯ ಕೆಲಸ.

ಗಡಿಯಾಚೆ

ಪುಸ್ತಕದಿಂದ ಟಿವಿಗೆ ಬರುವುದಷ್ಟೇ ಚರ್ಚೆಯಾಗುತ್ತಿದೆ. ಒಂದು ದೇಶದ ಟಿವಿಯಿಂದ ಇನ್ನೊಂದು ದೇಶದ ಟಿವಿಗೆ ಹೋಗುವುದನ್ನೂ ಇದರೊಳಗೆ ಸೇರಿಸಿಕೊಳ್ಳಬೇಕು. ಅಲ್ಲಿ ಮಾಧ್ಯಮ ಬದಲಾಗುವುದಿಲ್ಲವಾದ್ದರಿಂದ ಹಳೇಪುಟ ಅವರ ಪ್ರಶ್ನೆಗೆ ಇನ್ನೂ ಸ್ಪಷ್ಟವಾದ ಉತ್ತರ ಸಿಗುತ್ತದೆ.

‘ದಿ ಆಫೀಸ್’ ಬ್ರಿಟನ್ನಿನಲ್ಲಿ 2001ರಲ್ಲಿ ಆರಂಭವಾಗಿ ಹದಿನಾಲ್ಕು ಕಂತುಗಳಲ್ಲಿ ಮುಗಿಯಿತು. 2005ರಲ್ಲಿ ಬಂದ ಅಮೆರಿಕದ ಆವೃತ್ತಿಯ ಮೊದಲ ಕಂತು ಬ್ರಿಟಿಷ್ ಚಿತ್ರಕಥೆಯನ್ನು ಬಹುತೇಕ ಹಾಗೆಯೇ ಅನುಸರಿಸಿತ್ತು, ಅದು ಆ ಸರಣಿಯ ಅತ್ಯಂತ ನಿರ್ಜೀವ ಕಂತುಗಳಲ್ಲೊಂದು. ಎರಡನೆಯ ಸೀಸನ್ನಿನಿಂದ ಬರಹಗಾರರು ಮೇಲಧಿಕಾರಿಯ ಪಾತ್ರವನ್ನು ಮೆದುಗೊಳಿಸಿದರು. ಬ್ರಿಟಿಷ್ ಆವೃತ್ತಿಯ ಡೇವಿಡ್ ಬ್ರೆಂಟ್‌ನನ್ನು ಹದಿನಾಲ್ಕು ಕಂತು ಸಹಿಸಿಕೊಳ್ಳಬಹುದು, ಅವನ ಪೇಚು ನೋಡಿ ನಗಲೂಬಹುದು. ಆದರೆ ಅದೇ ಮನುಷ್ಯನನ್ನು ವರ್ಷಾನುಗಟ್ಟಲೆ ವಾರವಾರವೂ ಭೇಟಿಯಾಗಬೇಕೆಂದರೆ ಅವನಲ್ಲಿ ಎಲ್ಲೋ ಒಂದಿಷ್ಟು ಅಕ್ಕರೆ ಹುಟ್ಟಿಸುವ ಗುಣವಿರಬೇಕು. ಮೈಕಲ್ ಸ್ಕಾಟ್ ಹಾಗೆ ಮಾರ್ಪಟ್ಟನು, ಸರಣಿ 201 ಕಂತುಗಳವರೆಗೆ ನಡೆಯಿತು. ಹಾಗಾಗಿ ನಿಶಾಚರಿಯವರ ಕಾಲದ ವಾದಕ್ಕೆ ನನ್ನದೊಂದು ಸೇರ್ಪಡೆ: ಎಷ್ಟು ಉದ್ದ ನಡೆಯಬೇಕೆಂಬುದು ಕಥೆಯ ವೇಗವನ್ನಷ್ಟೇ ಅಲ್ಲ, ಪಾತ್ರದ ಸ್ವಭಾವವನ್ನೂ ನಿರ್ಧರಿಸುತ್ತದೆ.

ಸ್ಥಳದ ವಿಷಯದಲ್ಲಿ ‘ದಿ ಬ್ರಿಜ್’ ನನಗೆ ಬಲು ಇಷ್ಟ. 2011ರ ಸ್ವೀಡಿಷ್-ಡ್ಯಾನಿಶ್ ಮೂಲದಲ್ಲಿ ಎರಡು ದೇಶಗಳನ್ನು ಜೋಡಿಸುವ ಓರೆಸುಂಡ್ ಸೇತುವೆಯ ನಟ್ಟನಡುವೆ, ಸರಿಯಾಗಿ ಗಡಿಯ ಮೇಲೆ ಒಂದು ಹೆಣ ಸಿಗುತ್ತದೆ. ಎರಡೂ ಕಡೆಯ ಪೊಲೀಸರು ಕೂಡಿ ತನಿಖೆ ನಡೆಸಲೇಬೇಕಾಗುತ್ತದೆ. ಅಮೆರಿಕದವರು ಇದನ್ನು ತಮ್ಮ ಎಲ್ ಪಾಸೊ ಮತ್ತು ಮೆಕ್ಸಿಕೊದ ಹ್ವಾರೆಸ್ ನಗರಗಳ ನಡುವಿನ ಸೇತುವೆಗೆ ತಂದರು. ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ತಮ್ಮ ನಡುವಿನ ಇಂಗ್ಲಿಷ್ ಕಡಲ್ಗಾಲುವೆಯ ಅಡಿಯ ಸುರಂಗಕ್ಕೆ ಒಯ್ದು ‘ದಿ ಟನಲ್’ ಎಂದು ಕರೆದವು. ಹೆಣ ಅದೇ, ಗಡಿ ಬೇರೆ. ಸ್ವೀಡನ್ ಮತ್ತು ಡೆನ್ಮಾರ್ಕ್‌ಗಳ ನಡುವೆ ಅದು ಎರಡು ನೆರೆಮನೆಗಳ ಸ್ವಭಾವಭೇದವಾದರೆ, ಮೆಕ್ಸಿಕೊ ಗಡಿಯಲ್ಲಿ ಅದು ಯಾವ ಕಡೆಯ ಹೆಣಕ್ಕೆ ಬೆಲೆ ಹೆಚ್ಚು ಎಂಬ ಕಟುವಾದ ಪ್ರಶ್ನೆಯಾಗಿಬಿಡುತ್ತದೆ.

ಇದಕ್ಕೆ ವಿರುದ್ಧವಾದದ್ದು ‘3 ಬಾಡಿ ಪ್ರಾಬ್ಲಮ್’. ಲಿಯು ಸಿಶಿನ್ ಅವರ ಚೀನೀ ಕಾದಂಬರಿಯನ್ನು 2024ರಲ್ಲಿ ನೆಟ್‌ಫ್ಲಿಕ್ಸ್ ಎಂಟು ಕಂತುಗಳಲ್ಲಿ ತಂದಾಗ ವರ್ತಮಾನದ ಕಥೆಯನ್ನು ಮುಖ್ಯವಾಗಿ ಲಂಡನ್ನಿಗೆ ಸಾಗಿಸಿತು, ಒಬ್ಬ ವಿಜ್ಞಾನಿಯ ಪಾತ್ರವನ್ನು ಐವರು ಗೆಳೆಯರಿಗೆ ಹಂಚಿತು, ಮುಂದಿನ ಸಂಪುಟಗಳ ಪಾತ್ರಗಳನ್ನೂ ಮೊದಲೇ ಕರೆತಂದಿತು. ಐವರೂ ಮೊದಲೇ ಪರಿಚಿತರಾದ್ದರಿಂದ ಮುಂದಿನ ಸಂಪುಟಗಳಿಗೆ ದಾಟುವಾಗ ಹೊಸ ಮುಖಗಳನ್ನು ಪರಿಚಯಿಸುವ ತಾಪತ್ರಯ ತಪ್ಪಿತು, ಇದು ಜಾಣತನವೇ. ಆದರೆ ಮನುಕುಲದ ಹಣೆಬರಹ ಒಂದೇ ಸ್ನೇಹವಲಯದ ಸಂಸಾರ ತಾಪತ್ರಯವಾಗಿ ಕುಗ್ಗಿತು. 2023ರಲ್ಲಿ ಚೀನಾದ ಟೆನ್ಸೆಂಟ್ ಮೊದಲ ಸಂಪುಟಕ್ಕೇ ಮೂವತ್ತು ಕಂತುಗಳನ್ನು ಕೊಟ್ಟಿತ್ತು. ಅದು ನಿಧಾನ, ಕೆಲವೆಡೆ ಆಕಳಿಕೆಯೂ ಬರುತ್ತದೆ. ಆದರೂ ಭೌತಶಾಸ್ತ್ರವೇ ಸುಳ್ಳಾಗುತ್ತಿದೆ ಎಂಬ ಭಯ ವಿಜ್ಞಾನಿಗಳನ್ನು ಮೆಲ್ಲಗೆ ಆವರಿಸುವುದು ಅಲ್ಲಿಯೇ ನನಗೆ ಹೆಚ್ಚು ನಾಟಿತು.

ಹಳೇಪುಟ

ಎಲ್ಲರಿಗೂ ಧನ್ಯವಾದಗಳು. ಮೂರನೇಸಾಲು ಅವರು ಹೇಳಿದ ಕೊಂಡಿಯ ಮಾತು ನನ್ನ ಸಿಟ್ಟಿಗೆ ಸರಿಯಾಗಿ ಹೊಂದುತ್ತದೆ. ಬಿಲ್‌ನ ಕಥೆ ಬದಲಾದರೂ, ಪ್ರೀತಿಸಿದವರನ್ನು ಕಾಪಾಡಲು ಮನುಷ್ಯ ಎಲ್ಲಿಯವರೆಗೆ ಹೋದಾನು ಎಂಬ ಕಥೆಯ ಮೂಲ ಕೊಂಡಿ ಅಲ್ಲಿ ಕಡಿದಿರಲಿಲ್ಲ. ಬಿಲ್ ಬಿಟ್ಟುಹೋದ ಪತ್ರ ಕಥಾನಾಯಕ ಜೋಯಲ್‌ಗೆ ಅದನ್ನೇ ಹೇಳುತ್ತದೆ.

ಉಳಿದಿರುವುದು ಇನ್ನೊಂದು ಸಂಶಯ. ಕೊಂಡಿಯೆಂದರೆ ಘಟನೆಗಳ ಕೊಂಡಿ. ಆದರೆ ಕೆಲವು ಕೃತಿಗಳಲ್ಲಿ ಘಟನೆಗಿಂತ ಹೇಳುವ ದನಿಯೇ ದೊಡ್ಡದು. ಅಂಥವನ್ನು ತೆರೆಗೆ ತರಲು ಹೊರಡುವುದೇ ವ್ಯರ್ಥವಲ್ಲವೇ?

ನಿಶಾಚರಿ

ವ್ಯರ್ಥವೆನ್ನಲಾರೆ, ಕಷ್ಟವೆನ್ನುತ್ತೇನೆ. ಇದಕ್ಕೆ ಈಚಿನ ಅತ್ಯಂತ ಕಠಿಣ ಪರೀಕ್ಷೆ ‘ಒನ್ ಹಂಡ್ರೆಡ್ ಇಯರ್ಸ್ ಆಫ್ ಸಾಲಿಟ್ಯೂಡ್’. ಕೊಲಂಬಿಯಾದ ಲೇಖಕ ಗಾರ್ಸಿಯಾ ಮಾರ್ಕೆಸ್ ತಮ್ಮ 1967ರ ಈ ಕಾದಂಬರಿಯನ್ನು ಸಿನಿಮಾ ಮಾಡಲು ಬದುಕಿರುವವರೆಗೂ ಒಪ್ಪಲಿಲ್ಲ. ಎರಡು ಗಂಟೆಯಲ್ಲಿ ಅದು ಹಿಡಿಸುವುದಿಲ್ಲ, ಸ್ಪ್ಯಾನಿಶ್ ಬಿಟ್ಟು ಬೇರೆ ಭಾಷೆಯಲ್ಲಿ ಅದು ಆಗಬಾರದು ಎಂಬುದು ಅವರ ನಿಲುವಾಗಿತ್ತು. ನೆಟ್‌ಫ್ಲಿಕ್ಸ್ ಸರಣಿ ಸ್ಪ್ಯಾನಿಶ್ ಭಾಷೆಯಲ್ಲೇ, ಕೊಲಂಬಿಯಾದಲ್ಲೇ ಚಿತ್ರಿತವಾಯಿತು. ಅವರ ಇಬ್ಬರು ಗಂಡುಮಕ್ಕಳು ಕಾರ್ಯನಿರ್ವಾಹಕ ನಿರ್ಮಾಪಕರಾದರು. ಯೋಜಿಸಿದ ಹದಿನಾರು ಕಂತುಗಳಲ್ಲಿ ಮೊದಲ ಎಂಟು 2024ರ ಡಿಸೆಂಬರಿನಲ್ಲಿ ಬಂದವು.

ನೀವು ಹೇಳುವ ದನಿಯನ್ನು ಅವರು ಹಿನ್ನೆಲೆಯ ನಿರೂಪಕನಿಗೆ ಒಪ್ಪಿಸಿದ್ದಾರೆ. ಕಾದಂಬರಿಯ ವಾಕ್ಯಗಳು ಕೇಳಿಸುತ್ತವೆ, ಕೇಳಲು ಹಿತವಾಗಿಯೂ ಇವೆ. ಆದರೆ ಹಿಂದುಮುಂದಾಗಿ ಸುತ್ತುವ ಮೂಲದ ಕಾಲವನ್ನು ಸರಣಿ ಬಹುಮಟ್ಟಿಗೆ ನೇರಗೆರೆಯಾಗಿ ಬಿಚ್ಚಿಟ್ಟಿದೆ. ಪುಟದ ಮೇಲೆ, ಹತ್ತಾರು ವರ್ಷಗಳ ನಂತರ ಒಬ್ಬನಿಗೆ ಏನಾಗುವುದೆಂದು ಮೊದಲೇ ಹೇಳಿ, ಅದೇ ಉಸಿರಿನಲ್ಲಿ ಅವನ ಬಾಲ್ಯಕ್ಕೆ ಮರಳಿದಾಗ, ಎಲ್ಲವೂ ಎಂದೋ ನಡೆದುಮುಗಿದಿದೆ ಎಂಬ ಭಾವ ಮೂಡುತ್ತದೆ. ನೇರಗೆರೆಯಲ್ಲಿ ಆ ಭಾವ ತೆಳುವಾಗಿ, ಒಂದು ಕುಟುಂಬದ ಏಳುಬೀಳಿನ ಕಥೆ ಮುಂದೆ ಬರುತ್ತದೆ. ‘ಪಚಿಂಕೊ’ ಮಾಡಿದ್ದು ಇದಕ್ಕೆ ತದ್ವಿರುದ್ಧ: ಮೂಲ ಕಾದಂಬರಿ ಅಜ್ಜಿಯ ಕಾಲದಿಂದ ಮೊಮ್ಮಗನ ಕಾಲಕ್ಕೆ ಸಾಲಾಗಿ ಸಾಗಿದರೆ, ಸರಣಿ ಎರಡೂ ಕಾಲಗಳನ್ನು ಅಕ್ಕಪಕ್ಕ ಹೆಣೆದು, ಸುಂಜಾಳ ಯೌವನವನ್ನೂ 1989ರ ಸಾಲೊಮನ್‌ನನ್ನೂ ಒಂದೇ ಕಂತಿನಲ್ಲಿ ಎದುರುಬದುರು ನಿಲ್ಲಿಸಿತು. ಅಲ್ಲಿ ಪುಸ್ತಕದಲ್ಲಿಲ್ಲದ ಒಂದು ದನಿಯೇ ಹುಟ್ಟಿಕೊಂಡಿತು, ಯಾವ ನಿರೂಪಕನ ನೆರವೂ ಇಲ್ಲದೆ. ಮಾರ್ಕೆಸ್ ಅವರ ಕೃತಿಯ ಉಳಿದರ್ಧ ಇಂಥ ಹೆಣಿಗೆಗೆ ಧೈರ್ಯ ಮಾಡಿದರೆ ಚೆನ್ನ. ಕಾದಂಬರಿಯ ಕೊನೆಯೂ ಅದನ್ನೇ ಬೇಡುತ್ತದೆ.

ಮೂರನೇಸಾಲು

ಆ ಕೊನೆಯನ್ನು ಮಾತ್ರ ಇಲ್ಲಿ ಬರೆಯಬೇಡಿ, ನಿಶಾಚರಿಯವರೇ. ಬರೀನೋಡುಗ ಅವರು ಅದನ್ನಾದರೂ ಮೊದಲು ಓದಲಿ ಎಂದು ನನ್ನ ಆಸೆ.